ಪೈಲಟ್ ಟ್ಯಾಂಕಿನಲ್ಲಿ ಬಂದ ಇಳುವರಿ ದೊಡ್ಡ ಟ್ಯಾಂಕಿನಲ್ಲಿ ಯಾಕೆ ಬರಲಿಲ್ಲ?

ಪ್ರಶ್ನೆ: ನಾವು ಟ್ರೈಕೊಡರ್ಮಾ ರೀಸೈ ಶಿಲೀಂಧ್ರದಿಂದ ಸೆಲ್ಯುಲೇಸ್ ಕಿಣ್ವ ತಯಾರಿಸುತ್ತೇವೆ. 500 ಲೀಟರಿನ ಪೈಲಟ್ (ಪ್ರಾಯೋಗಿಕ) ಟ್ಯಾಂಕಿನಲ್ಲಿ ಎಲ್ಲ ಚೆನ್ನಾಗಿತ್ತು. ಈಗ 50,000 ಲೀಟರ್ ಟ್ಯಾಂಕಿಗೆ ಹೋಗಿದ್ದೇವೆ. ಅದೇ ತಳಿ, ಅದೇ ಮೀಡಿಯಾ (ಶಿಲೀಂಧ್ರ ಬೆಳೆಯುವ ಪೋಷಕ ದ್ರವ), ಅದೇ ತಾಪಮಾನ, ಅದೇ ಪಿಎಚ್. ಶಿಲೀಂಧ್ರದ ಎಳೆಗಳು ತುಂಡಾಗದಿರಲಿ ಎಂದು ಇಂಪೆಲ್ಲರ್ (ಕಲಕುವ ಚಕ್ರ) ತುದಿಯ ವೇಗವನ್ನು ಪೈಲಟ್‌ನಲ್ಲಿದ್ದಷ್ಟೇ ಇಟ್ಟೆವು. ಗಾಳಿಯೂ ಅಷ್ಟೇ, 1 ವಿವಿಎಂ. ಆದರೂ ಎರಡನೇ ದಿನಕ್ಕೇ ಡಿಓ (ಕರಗಿದ ಆಮ್ಲಜನಕ) ಸೊನ್ನೆಗೆ ಬೀಳುತ್ತದೆ, ಬ್ರಾತ್ (ಶಿಲೀಂಧ್ರ ಬೆಳೆಯುತ್ತಿರುವ ದ್ರವ) ಗಟ್ಟಿಯಾಗುತ್ತದೆ, ಕಿಣ್ವ ಅರ್ಧದಷ್ಟೂ ಬರುವುದಿಲ್ಲ. ದೊಡ್ಡ ಮೋಟಾರ್ ಹಾಕಬೇಕೆ? ಅಥವಾ ತಳಿಯನ್ನೇ ಬದಲಿಸಬೇಕೆ?

ಉತ್ತರ: ಮೋಟಾರ್ ಬೇಡ, ತಳಿಯನ್ನೂ ಮುಟ್ಟಬೇಡಿ. ಈಗಲೇ ಅಂತೂ ಬೇಡ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ತುದಿಯ ವೇಗವೂ ಅಷ್ಟೇ, ವಿವಿಎಂ ಕೂಡ ಅಷ್ಟೇ ಅಂದಿರಿ. ಈ ಎರಡನ್ನೂ ಬದಲಿಸದೆ ಟ್ಯಾಂಕ್ ಮಾತ್ರ ದೊಡ್ಡದು ಮಾಡಿದರೆ ಏನಾಗುತ್ತದೆ ಎಂದು ಮೊದಲು ಲೆಕ್ಕ ಹಾಕೋಣ.

ಎರಡೂ ಟ್ಯಾಂಕುಗಳ ಆಕಾರ ಒಂದೇ ಅನುಪಾತದಲ್ಲಿದೆ, ಇಂಪೆಲ್ಲರ್‌ಗಳು ಚಪ್ಪಟೆ ಅಲಗಿನ ರಶ್ಟನ್ ಮಾದರಿಯವು ಎಂದು ಇಟ್ಟುಕೊಳ್ಳುತ್ತೇನೆ. ಗಾತ್ರ 100 ಪಟ್ಟು ಆದರೆ ಅಗಲ, ಎತ್ತರ, ಇಂಪೆಲ್ಲರ್ ವ್ಯಾಸ ಎಲ್ಲವೂ 4.64 ಪಟ್ಟು ಆಗುತ್ತವೆ. ಪೈಲಟ್‌ನಲ್ಲಿ ಇಂಪೆಲ್ಲರ್ ವ್ಯಾಸ 25 ಸೆಂ.ಮೀ., ವೇಗ 240 ಆರ್‌ಪಿಎಂ ಎಂದುಕೊಳ್ಳಿ. ತುದಿಯ ವೇಗ ಸೆಕೆಂಡಿಗೆ ಸುಮಾರು 3.1 ಮೀಟರ್. ದೊಡ್ಡ ಟ್ಯಾಂಕಿನ 1.16 ಮೀಟರ್ ಇಂಪೆಲ್ಲರ್‌ಗೆ ಇದೇ ತುದಿವೇಗ ಬರಲು 52 ಆರ್‌ಪಿಎಂ ಸಾಕು. ಕೇಳಲು ಹಿತವಾಗಿದೆ. ಆದರೆ ಒಂದು ಲೀಟರ್ ಬ್ರಾತಿಗೆ ಸಿಗುವ ಶಕ್ತಿ ಆರ್‌ಪಿಎಂನ ಘನಕ್ಕೂ ವ್ಯಾಸದ ವರ್ಗಕ್ಕೂ ತಕ್ಕಂತೆ ಬದಲಾಗುತ್ತದೆ. ಆರ್‌ಪಿಎಂ 4.64 ಪಟ್ಟು ಇಳಿದಿದೆ, ವ್ಯಾಸ 4.64 ಪಟ್ಟು ಏರಿದೆ. ಲೆಕ್ಕ ಹಾಕಿದರೆ ಲೀಟರಿಗೆ ಸಿಗುವ ಶಕ್ತಿ ಐದರಲ್ಲಿ ಒಂದು ಪಾಲಿಗೆ ಬಂತು. ಮೂರು ಇಂಪೆಲ್ಲರ್ ಇದ್ದರೆ, ಗಾಳಿ ಇಲ್ಲದಾಗ ಘನ ಮೀಟರಿಗೆ 1.9 ಕಿಲೋವಾಟ್ ಇದ್ದದ್ದು 0.4 ಕಿಲೋವಾಟ್ ಆಯಿತು.

ಇನ್ನು ಗಾಳಿ. 1 ವಿವಿಎಂ ಎಂದರೆ ನಿಮಿಷಕ್ಕೆ ಟ್ಯಾಂಕಿನ ದ್ರವದಷ್ಟೇ ಗಾಳಿ. ದ್ರವ 100 ಪಟ್ಟು ಆಯಿತು, ಗಾಳಿಯೂ 100 ಪಟ್ಟು ಆಯಿತು. ಆದರೆ ಗಾಳಿ ಮೇಲೇರಬೇಕಾದ ಅಡ್ಡಗಲದ ಜಾಗ 21.5 ಪಟ್ಟು ಮಾತ್ರ ಹೆಚ್ಚಿದೆ. ಹಾಗಾಗಿ ಗಾಳಿ ಏರುವ ವೇಗ ಸೆಕೆಂಡಿಗೆ ಸುಮಾರು 2 ಸೆಂ.ಮೀ. ಇದ್ದದ್ದು 9 ಸೆಂ.ಮೀ. ಹತ್ತಿರ ಬಂತು. ಒಂದು ಕಡೆ ಇಂಪೆಲ್ಲರ್‌ನ ಬಲ ಕುಸಿದಿದೆ, ಇನ್ನೊಂದು ಕಡೆ ಅದರ ಮೇಲೆ ನುಗ್ಗುವ ಗಾಳಿ ಜಾಸ್ತಿಯಾಗಿದೆ. ಇಂಥ ಸ್ಥಿತಿಯಲ್ಲಿ ಇಂಪೆಲ್ಲರ್ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆದು ಸುತ್ತ ಹರಡಲಾರದು. ಅಲಗುಗಳ ಹಿಂದೆ ಗಾಳಿ ತುಂಬಿಕೊಳ್ಳುತ್ತದೆ. ದೊಡ್ಡ ದೊಡ್ಡ ಗುಳ್ಳೆಗಳು ನಡುವಿನ ದಂಡದ ಪಕ್ಕದಲ್ಲೇ ನೇರ ಮೇಲೆ ಹೋಗಿಬಿಡುತ್ತವೆ. ಇದನ್ನೇ ಫ್ಲಡಿಂಗ್ ಅನ್ನುವುದು. ನೀವು ಕೊಟ್ಟ ವಿವರ ನೋಡಿದರೆ ನಿಮ್ಮ ಟ್ಯಾಂಕಿನಲ್ಲಿ ಆಗಿರುವುದು ಬಹುಪಾಲು ಇದೇ.

ಪರೀಕ್ಷಿಸುವುದು ಸುಲಭ, ಖರ್ಚೂ ಇಲ್ಲ. ಬ್ಯಾಚ್ ಹಾಳಾದೀತು ಎಂಬ ಹೆದರಿಕೆ ಇದ್ದರೆ ಟ್ಯಾಂಕಿಗೆ ಬರೀ ನೀರು ತುಂಬಿ ಮಾಡಿ. ಆರ್‌ಪಿಎಂ ಒಂದೇ ಕಡೆ ಇಟ್ಟು ಗಾಳಿಯನ್ನು 1 ವಿವಿಎಂನಿಂದ ಮೆಲ್ಲಗೆ ಕೆಳಗೆ ತನ್ನಿ. ಮೋಟಾರಿನ ಲೋಡ್ ಬರೆದುಕೊಳ್ಳುತ್ತಾ ಹೋಗಿ. ಗಾಳಿ ಕಡಿಮೆಯಾದಂತೆ ಲೋಡ್ ಸ್ವಲ್ಪ ಏರುವುದು ಸಹಜ. ಆದರೆ ಯಾವುದೋ ಒಂದು ಹಂತದಲ್ಲಿ ಅದು ತಟ್ಟನೆ ಜಿಗಿದರೆ, ಅಲ್ಲಿಯ ತನಕ ಇಂಪೆಲ್ಲರ್ ಗಾಳಿಯಲ್ಲೇ ಸುತ್ತುತ್ತಿತ್ತು ಎಂದರ್ಥ. ಆಮೇಲೆ ಆರ್‌ಪಿಎಂ ಏರಿಸಿ ಮತ್ತೆ ಇದೇ ಪರೀಕ್ಷೆ ಮಾಡಿ. 52 ಆರ್‌ಪಿಎಂನಲ್ಲಿ ಗಾಳಿ ಎಷ್ಟು ಇಳಿಸಿದರೂ ಜಿಗಿತ ಕಾಣದೇ ಹೋಗಬಹುದು. ಆಗ ಎಲ್ಲ ಸರಿಯಿದೆ ಎಂದು ತಿಳಿಯಬೇಡಿ, ಆ ವೇಗದಲ್ಲಿ ಫ್ಲಡಿಂಗ್ ಬಿಡುವುದೇ ಇಲ್ಲ ಎಂದೂ ಇರಬಹುದು. ಎರಡು ಗಂಟೆಯ ಕೆಲಸ. ಎಷ್ಟೋ ಕಡೆ ಇದನ್ನು ಮಾಡದೆ ಸುಮ್ನೆ ಸ್ಪಾರ್ಜರ್ (ತಳದಲ್ಲಿ ಗಾಳಿ ಬಿಡುವ ಕೊಳವೆ) ಬದಲಿಸುವುದನ್ನು ನೋಡಿದ್ದೇನೆ.

ತುದಿಯ ವೇಗದ ಭಯದ ಬಗ್ಗೆ ಸ್ವಲ್ಪ ಹೇಳಬೇಕು. ಶಿಲೀಂಧ್ರದ ಎಳೆ ಸೂಕ್ಷ್ಮ, ವೇಗ ಏರಿದರೆ ತುಂಡಾಗುತ್ತದೆ ಎಂಬ ಮಾತು ಅರ್ಧ ಸತ್ಯ. ಎಳೆ ತುಂಡಾಗುವುದು ಇಂಪೆಲ್ಲರ್‌ನ ಹತ್ತಿರದ ಸಣ್ಣ ಜಾಗದಲ್ಲಿ. ಅಲ್ಲಿ ಶಕ್ತಿ ಎಷ್ಟು ದಟ್ಟವಾಗಿ ಖರ್ಚಾಗುತ್ತದೆ ಎನ್ನುವುದು ಒಂದು. ಎಳೆ ಎಷ್ಟು ಬಾರಿ ಆ ಜಾಗದ ಮೂಲಕ ಹಾದುಹೋಗುತ್ತದೆ ಎನ್ನುವುದು ಇನ್ನೊಂದು. ದೊಡ್ಡ ಟ್ಯಾಂಕಿನಲ್ಲಿ ಒಂದು ಸುತ್ತು ಬರಲು ಜಾಸ್ತಿ ಹೊತ್ತು ಬೇಕು. ಹಾಗಾಗಿ ಅದೇ ತುದಿವೇಗದಲ್ಲಿ ದೊಡ್ಡ ಟ್ಯಾಂಕಿನ ಎಳೆಗೆ ಬೀಳುವ ಪೆಟ್ಟು ಕಡಿಮೆ. ಪೆನಿಸಿಲಿಯಂ ಶಿಲೀಂಧ್ರವನ್ನು ಬೇರೆ ಬೇರೆ ಗಾತ್ರದ ಟ್ಯಾಂಕುಗಳಲ್ಲಿ ಬೆಳೆಸಿ ನೋಡಿದವರೂ ಇದನ್ನೇ ಕಂಡರು: ಬರೀ ತುದಿವೇಗ ಇಟ್ಟುಕೊಂಡು ಹೋಲಿಸಿದರೆ ಲೆಕ್ಕ ಕೂಡುವುದಿಲ್ಲ. ಶಕ್ತಿಯ ದಟ್ಟಣೆ ಮತ್ತು ಸುತ್ತುವ ಸಮಯ ಎರಡನ್ನೂ ಸೇರಿಸಿದರೆ ಕೂಡುತ್ತದೆ.

ನಿಮ್ಮಲ್ಲಿ ಇದರ ಪರಿಣಾಮ ಉಲ್ಟಾ ಆಗಿದೆ. ಎಳೆ ತುಂಡಾಗಬಾರದು ಎಂದು ವೇಗ ತಗ್ಗಿಸಿದಿರಿ. ಎಳೆಗಳು ಉದ್ದವಾಗಿ ಬೆಳೆದು ಒಂದಕ್ಕೊಂದು ಹೆಣೆದುಕೊಂಡವು. ನೀರಲ್ಲಿ ನೆನೆದ ಹತ್ತಿಯ ರಾಶಿಯ ಹಾಗೆ. ಬ್ರಾತ್ ಗಟ್ಟಿಯಾದದ್ದು ಆಗಲೇ.

ಇದರ ಮೇಲೆ ಇನ್ನೊಂದು ಏಟು. ಎಳೆಯಾಗಿ ಬೆಳೆದ ಶಿಲೀಂಧ್ರದ ಬ್ರಾತ್ ನೀರಿನಂತೆ ನಡೆದುಕೊಳ್ಳುವುದಿಲ್ಲ. ಕಲಕಿದಷ್ಟೂ ತೆಳುವಾಗುತ್ತದೆ, ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಟ್ಯಾಂಕಿನ ಸರಾಸರಿ ಕಲಕಾಟವು ಆರ್‌ಪಿಎಂಗೆ ತಕ್ಕಂತೆ ಇರುತ್ತದೆ, ತುದಿವೇಗಕ್ಕೆ ತಕ್ಕಂತೆ ಅಲ್ಲ. 240ರಿಂದ 52ಕ್ಕೆ ಇಳಿದಾಗ, ಪವರ್-ಲಾ ಸೂಚ್ಯಂಕ (ಕಲಕಿದಾಗ ದ್ರವ ಎಷ್ಟು ತೆಳುವಾಗುತ್ತದೆ ಎಂಬುದರ ಅಳತೆ, ನೀರಿಗೆ 1) 0.4 ಇರುವ ಅದೇ ಬ್ರಾತ್ ಸುಮಾರು 2.5 ಪಟ್ಟು ಗಟ್ಟಿಯಾಗಿ ವರ್ತಿಸುತ್ತದೆ. ಶಿಲೀಂಧ್ರ ಒಂದು ಗ್ರಾಂ ಕೂಡ ಜಾಸ್ತಿ ಬೆಳೆದಿರುವುದಿಲ್ಲ, ಆದರೂ ಹೀಗೆ. ಗಟ್ಟಿ ಬ್ರಾತಿನಲ್ಲಿ ಇಂಪೆಲ್ಲರ್ ಸುತ್ತ ಮಾತ್ರ ದ್ರವ ತಿರುಗುತ್ತಿರುತ್ತದೆ. ಗೋಡೆಯ ಹತ್ತಿರ ಅದು ಅಲುಗಾಡದೆ ನಿಂತಿರುತ್ತದೆ. ಅಲ್ಲಿನ ಶಿಲೀಂಧ್ರ ಉಸಿರುಗಟ್ಟುತ್ತದೆ.

ಎಷ್ಟು ಬೇಗ ಉಸಿರುಗಟ್ಟುತ್ತದೆ ಗೊತ್ತಾ? 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯೊಂದಿಗೆ ಸಮತೋಲದಲ್ಲಿರುವ ನೀರಿನ ಒಂದು ಲೀಟರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 0.24 ಮಿಲಿಮೋಲ್ ಮಾತ್ರ. ಬ್ರಾತಿನಲ್ಲಿ ಅದಕ್ಕಿಂತಲೂ ಕಡಿಮೆ. ಶಿಲೀಂಧ್ರ ಗಂಟೆಗೆ ಲೀಟರಿಗೆ 40 ಮಿಲಿಮೋಲ್ ಬಳಸುತ್ತಿದ್ದರೆ, ಹೊಸ ಆಮ್ಲಜನಕ ಬಾರದಿದ್ದಲ್ಲಿ ಇದ್ದದ್ದೆಲ್ಲ ಸುಮಾರು 20 ಸೆಕೆಂಡಿನಲ್ಲಿ ಮುಗಿಯುತ್ತದೆ. ಪೈಲಟ್ ಟ್ಯಾಂಕಿನಲ್ಲಿ ದ್ರವ ಅಷ್ಟರೊಳಗೆ ಮತ್ತೆ ಇಂಪೆಲ್ಲರ್ ಹತ್ತಿರ ಬಂದಿರುತ್ತದೆ. ದೊಡ್ಡ ಟ್ಯಾಂಕಿನ ಗಟ್ಟಿ ಬ್ರಾತಿನಲ್ಲಿ ಪೂರ್ತಿ ಬೆರೆಯಲು ನಿಮಿಷಗಳೇ ಬೇಕಾಗಬಹುದು. ನಿಮ್ಮ ಡಿಓ ಪ್ರೋಬ್ ಒಂದೇ ಇದ್ದು, ಅದೂ ಕೆಳಗಿನ ಇಂಪೆಲ್ಲರ್ ಪಕ್ಕದಲ್ಲಿದ್ದರೆ, ಅದು ತೋರಿಸುತ್ತಿರುವುದು ಟ್ಯಾಂಕಿನ ಅತ್ಯುತ್ತಮ ಜಾಗದ ಅಂಕಿ. ಅಲ್ಲೇ ಸೊನ್ನೆ ಎಂದರೆ ಮೇಲುಭಾಗದ ಗತಿ ಊಹಿಸಿಕೊಳ್ಳಿ.

ಹಾಗಾದರೆ ಏನು ಮಾಡಬೇಕು?

ಲೀಟರಿಗೆ ಸಿಗುವ ಶಕ್ತಿಯನ್ನು ಪೈಲಟ್ ಮಟ್ಟಕ್ಕೆ ತನ್ನಿ. ಮೇಲಿನ ಲೆಕ್ಕದಲ್ಲಿ ಅದು ಸುಮಾರು 86 ಆರ್‌ಪಿಎಂ. ತುದಿವೇಗ ಸೆಕೆಂಡಿಗೆ 5.2 ಮೀಟರ್ ಆಗುತ್ತದೆ. ಈ ವೇಗಕ್ಕೆ ಟ್ರೈಕೊಡರ್ಮಾ ಸಾಯುವುದಿಲ್ಲ. ಮೂರು ಇಂಪೆಲ್ಲರ್‌ಗೆ ಗಾಳಿ ಇಲ್ಲದೆ 95 ಕಿಲೋವಾಟ್ ಹತ್ತಿರ ಬೇಕು. ಮೊದಲು ಇರುವ ಮೋಟಾರ್ ಮತ್ತು ಗೇರ್‌ಬಾಕ್ಸ್ ಎಷ್ಟಕ್ಕೆ ತಡೆಯುತ್ತವೆ ನೋಡಿ. ವೇಗ ಬದಲಿಸುವ ಡ್ರೈವ್ ಇದ್ದರೆ ಬಹಳ ಕಡೆ ಹೊಸ ಮೋಟಾರ್ ಬೇಕಾಗುವುದೇ ಇಲ್ಲ. ಗಾಳಿಯನ್ನು 0.3ರಿಂದ 0.5 ವಿವಿಎಂಗೆ ಇಳಿಸಿ. ಗಾಳಿ ಏರುವ ವೇಗ ಆಗಲೂ ಪೈಲಟ್‌ಗಿಂತ ಜಾಸ್ತಿಯೇ ಇರುತ್ತದೆ, ನೊರೆಯ ಕಾಟವೂ ತಗ್ಗುತ್ತದೆ. ನೊರೆ ತಗ್ಗಿದರೆ ಆಂಟಿಫೋಮ್ ಕಡಿಮೆ ಸಾಕು. ಆಂಟಿಫೋಮ್ ಸಣ್ಣ ಗುಳ್ಳೆಗಳನ್ನು ಕೂಡಿಸಿ ದೊಡ್ಡದು ಮಾಡುತ್ತದೆ, ಆಮ್ಲಜನಕ ಕರಗುವುದು ಕಡಿಮೆಯಾಗುತ್ತದೆ. ಎರಡನೇ ದಿನ ನಿಮ್ಮ ಡಿಓ ಕುಸಿದ ಹೊತ್ತಿಗೂ ಆಂಟಿಫೋಮ್ ಹಾಕಿದ ಹೊತ್ತಿಗೂ ತಾಳೆ ಇದೆಯಾ ಎಂದು ಬ್ಯಾಚ್ ದಾಖಲೆಯಲ್ಲಿ ಒಮ್ಮೆ ನೋಡಿ.

ಟ್ಯಾಂಕಿನ ಒತ್ತಡವೂ ನಿಮ್ಮ ಕೈಯಲ್ಲಿರುವ ಅಸ್ತ್ರ. 5 ಮೀಟರ್ ಎತ್ತರದ ದ್ರವವೇ ತಳದಲ್ಲಿ ಅರ್ಧ ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕಿನ ಅನುಮತಿಯ ಮಿತಿಯೊಳಗೆ ಮೇಲಿನಿಂದ ಇನ್ನರ್ಧ ಬಾರ್ ಸೇರಿಸಿದರೆ ಆಮ್ಲಜನಕ ಕರಗುವುದು ಗಮನಾರ್ಹವಾಗಿ ಹೆಚ್ಚುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ ಕರಗುತ್ತದೆ. ಗಾಳಿ ಕಡಿಮೆ ಮಾಡಿದ್ದರಿಂದ ಅದು ಹೊರಹೋಗುವುದೂ ನಿಧಾನ. ಇದು ಪೈಲಟ್‌ನಲ್ಲಿ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಹೊರಹೋಗುವ ಗಾಳಿಯಲ್ಲಿ ಅದರ ಪ್ರಮಾಣ ಅಳೆಯುತ್ತಿರಿ.

ಇಷ್ಟೆಲ್ಲ ಮಾಡಿದರೂ ಪೈಲಟ್‌ನಷ್ಟೇ ಆಮ್ಲಜನಕ ದೊಡ್ಡ ಟ್ಯಾಂಕಿನಲ್ಲಿ ಸಿಗದೇ ಇರಬಹುದು. ಇಲ್ಲೇ ನನ್ನ ಮುಖ್ಯ ಮಾತು. ಪೈಲಟ್‌ನಲ್ಲಿ ಮಾಡಿದ್ದನ್ನೆಲ್ಲ ದೊಡ್ಡ ಟ್ಯಾಂಕಿನಿಂದ ಮಾಡಿಸಲು ಹೊರಡಬೇಡಿ. ದೊಡ್ಡ ಟ್ಯಾಂಕಿಗೆ ಏನು ಸಾಧ್ಯವೋ ಅದನ್ನು ಮೊದಲು ಅಳೆಯಿರಿ, ಆಮೇಲೆ ಪೈಲಟ್ ಬ್ಯಾಚನ್ನು ಆ ಮಿತಿಯೊಳಗೆ ಓಡಿಸಿ. ಒಳಹೋಗುವ ಮತ್ತು ಹೊರಬರುವ ಗಾಳಿಯ ಆಮ್ಲಜನಕದ ವ್ಯತ್ಯಾಸದಿಂದ ಓಟಿಆರ್, ಅಂದರೆ ಟ್ಯಾಂಕ್ ಗಂಟೆಗೆ ಎಷ್ಟು ಆಮ್ಲಜನಕ ಕರಗಿಸಬಲ್ಲದು ಎನ್ನುವುದು ಸಿಗುತ್ತದೆ. ನೀರಿನಲ್ಲಿ ಅಳೆದದ್ದು ಇದಕ್ಕೆ ಬರುವುದಿಲ್ಲ, ಗಟ್ಟಿಯಾದ ಬ್ರಾತಿನಲ್ಲೇ ಅಳೆಯಬೇಕು. ಆ ಅಂಕಿ ಗಂಟೆಗೆ ಲೀಟರಿಗೆ 40 ಮಿಲಿಮೋಲ್ ಎಂದು ಬಂದರೆ, ನಿಮ್ಮ ಶಿಲೀಂಧ್ರ 32–35ಕ್ಕಿಂತ ಜಾಸ್ತಿ ಕೇಳದಂತೆ ಬ್ಯಾಚನ್ನು ಕಟ್ಟಬೇಕು.

ಕೇಳದಂತೆ ಮಾಡುವುದು ಹೇಗೆ? ಆಹಾರ ಕೊಡುವ ವೇಗದಿಂದ. ಶುರುವಿನ ಬ್ಯಾಚ್ ಹಂತದಲ್ಲಿ ಸಕ್ಕರೆ ಕಡಿಮೆ ಇಡಿ. ಆಗ ಶಿಲೀಂಧ್ರ ಒಮ್ಮೆಲೇ ಬೆಳೆದು ಬ್ರಾತನ್ನು ಗಟ್ಟಿ ಮಾಡುವುದಿಲ್ಲ. ಆಮೇಲೆ ಲ್ಯಾಕ್ಟೋಸ್ ಅಥವಾ ನೀವು ಬಳಸುವ ಬೇರೆ ಫೀಡನ್ನು ಹನಿಹನಿಯಾಗಿ ಕೊಡಿ. ಡಿಓ 20–30 ಶೇಕಡಾಕ್ಕಿಂತ ಕೆಳಗೆ ಹೋದರೆ ಫೀಡ್ ತಾನಾಗಿ ತಗ್ಗಲಿ. ಸೆಲ್ಯುಲೇಸ್ ವಿಷಯದಲ್ಲಿ ಇದರಿಂದ ಇನ್ನೊಂದು ಲಾಭ ಇದೆ. ಗ್ಲೂಕೋಸ್ ಜಾಸ್ತಿ ಇದ್ದಾಗ ಟ್ರೈಕೊಡರ್ಮಾ ಸೆಲ್ಯುಲೇಸ್ ಜೀನ್‌ಗಳನ್ನು ಮುಚ್ಚಿಬಿಡುತ್ತದೆ. ರುಟ್-ಸಿ30 ಥರದ ತಳಿಗಳಲ್ಲಿ ಈ ನಿಯಂತ್ರಣದ ಜೀನ್ ಮೊಟಕಾಗಿದೆ, ಹಾಗಾಗಿ ಅವು ಸ್ವಲ್ಪ ಸಹಿಸುತ್ತವೆ. ಉಳಿದವು ಸಹಿಸುವುದಿಲ್ಲ. ದೊಡ್ಡ ಟ್ಯಾಂಕಿನಲ್ಲಿ ಫೀಡ್ ಪೈಪ್ ಮೇಲಿನಿಂದ ದ್ರವದ ಮೇಲ್ಮೈಗೆ ಸುರಿಯುತ್ತಿದ್ದರೆ, ಆ ಜಾಗದಲ್ಲಿ ಸಕ್ಕರೆ ಜಾಸ್ತಿ, ಆಮ್ಲಜನಕ ಕಡಿಮೆ. ಎರಡು ಕೇಡೂ ಒಂದೇ ಕಡೆ. ಪೈಪನ್ನು ಇಂಪೆಲ್ಲರ್ ಹತ್ತಿರಕ್ಕೆ ಇಳಿಸಿ. ವೆಲ್ಡರ್‌ಗೆ ಒಂದು ದಿನದ ಕೆಲಸ. ಕ್ರಿಮಿನಾಶ ಸರಿಯಾಗಿ ಆಗುವಂತೆ ಪೈಪಿನಲ್ಲಿ ದ್ರವ ನಿಲ್ಲುವ ಮೂಲೆ ಉಳಿಯಬಾರದು, ಅಷ್ಟೇ.

ಶಾಖದ ಬಗ್ಗೆ ನೀವು ಕೇಳಿಲ್ಲ, ಆದರೆ ಆಮ್ಲಜನಕ ಸರಿಹೋದ ಮರುದಿನವೇ ಅದು ಬಾಗಿಲು ತಟ್ಟುತ್ತದೆ. ಒಂದು ಮೋಲ್ ಆಮ್ಲಜನಕ ಬಳಕೆಯಾದರೆ ಸುಮಾರು 460 ಕಿಲೋಜೌಲ್ ಶಾಖ ಹೊರಬರುತ್ತದೆ. ಗಂಟೆಗೆ ಲೀಟರಿಗೆ 40 ಮಿಲಿಮೋಲ್ ಲೆಕ್ಕದಲ್ಲಿ 50,000 ಲೀಟರಿಗೆ ಸುಮಾರು 255 ಕಿಲೋವಾಟ್. ಕಲಕುವ ಶಕ್ತಿಯೂ ಕೊನೆಗೆ ಶಾಖವೇ ಆಗುತ್ತದೆ, ಎಲ್ಲ ಸೇರಿ 330–350 ಕಿಲೋವಾಟ್. ಇದನ್ನು ಹೊರಹಾಕಲು ನಿಮ್ಮ ಟ್ಯಾಂಕಿನ ಜಾಕೆಟ್ (ತಣ್ಣೀರು ಹರಿಯುವ ಹೊರಗೋಡೆ) ಸುಮಾರು 65 ಚದರ ಮೀಟರ್ ಇರಬಹುದು. ಲೀಟರಿಗೆ ಇಷ್ಟು ಜಾಕೆಟ್ ಎಂದು ನೋಡಿದರೆ ಪೈಲಟ್‌ನಲ್ಲಿ ಇದ್ದದ್ದರ 4.64ರಲ್ಲಿ ಒಂದು ಪಾಲು. ಗಟ್ಟಿ ಬ್ರಾತಿನಲ್ಲಿ ಚದರ ಮೀಟರಿಗೆ ಡಿಗ್ರಿಗೆ 300 ವಾಟ್ ದಾಟಿದರೆ ಪುಣ್ಯ. ಬ್ರಾತ್ 28 ಡಿಗ್ರಿ, ತಣ್ಣೀರು ಸರಾಸರಿ 20 ಡಿಗ್ರಿ ಎಂದರೆ ಹೊರಹೋಗುವುದು 160 ಕಿಲೋವಾಟ್ ಆಸುಪಾಸು. ಬೇಕಾದ್ದರಲ್ಲಿ ಅರ್ಧ. ಚಿಲ್ಲರ್ ನೀರು ಬಳಸಿ ಅಥವಾ ಒಳಗೆ ಕಾಯಿಲ್ ಹಾಕಿಸಿ. ಕಾಯಿಲ್ ಹಾಕಿದರೆ ಅದಕ್ಕೆ ಶಿಲೀಂಧ್ರ ಅಂಟಿ ಬೆಳೆಯುತ್ತದೆ, ತೊಳೆಯುವುದು ಕಷ್ಟ. ನನ್ನನ್ನು ಕೇಳಿದರೆ ಮೊದಲು ಚಿಲ್ಲರ್. ಕಾರ್ಖಾನೆಗಳಲ್ಲಿ ಬ್ಯಾಚ್‌ನ ಗರಿಷ್ಠ ವೇಗವನ್ನು ಶಿಲೀಂಧ್ರ ನಿರ್ಧರಿಸುವುದಕ್ಕಿಂತ ತಣ್ಣೀರು ನಿರ್ಧರಿಸುವುದೇ ಜಾಸ್ತಿ ಅಂತ ನನಗೆ ಅನಿಸಿದೆ.

ಕ್ವಾರ್ನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಮೈಕೊಪ್ರೋಟೀನ್ (ಶಿಲೀಂಧ್ರದಿಂದ ಮಾಡಿದ ಆಹಾರ) ತಯಾರಕರು ಕಲಕುವ ಇಂಪೆಲ್ಲರನ್ನೇ ಕೈಬಿಟ್ಟರು. ಫ್ಯುಸೇರಿಯಂ ವೆನೆನೇಟಂ ಶಿಲೀಂಧ್ರವನ್ನು ಅವರು 150 ಘನ ಮೀಟರಿಗೂ ದೊಡ್ಡದಾದ ಏರ್‌ಲಿಫ್ಟ್ ಗೋಪುರಗಳಲ್ಲಿ ಬೆಳೆಸುತ್ತಾರೆ. ಗಾಳಿಯೇ ದ್ರವವನ್ನು ಮೇಲೆತ್ತಿ ಸುತ್ತಿಸುತ್ತದೆ. ಟ್ಯಾಂಕ್ ಈಗಾಗಲೇ ಕೊಂಡಿರುವ ನಿಮಗೆ ಇದು ಉಪಯೋಗಕ್ಕಿಲ್ಲ. ಆದರೆ ಅವರ ಇನ್ನೊಂದು ಅನುಭವ ಉಪಯೋಗಕ್ಕಿದೆ. ಸತತವಾಗಿ ಬೆಳೆಸುತ್ತಾ ಹೋದಾಗ, ಜಾಸ್ತಿ ಕವಲೊಡೆಯುವ ರೂಪಾಂತರ ಶಿಲೀಂಧ್ರಗಳು ತಲೆ ಎತ್ತಿ ಮೂಲ ತಳಿಯನ್ನು ಹಿಂದಿಕ್ಕುತ್ತವೆ. ಆದ್ದರಿಂದ ಸುಮಾರು 1000 ಗಂಟೆಗೆ ಬೆಳೆಸುವುದನ್ನು ನಿಲ್ಲಿಸಿ ಹೊಸದಾಗಿ ಶುರುಮಾಡಬೇಕಾಗುತ್ತದೆ.

ನಿಮಗೂ ಇದಕ್ಕೂ ಏನು ಸಂಬಂಧ ಅಂದರೆ, ಸೀಡ್, ಅಂದರೆ ದೊಡ್ಡ ಟ್ಯಾಂಕಿಗೆ ಹಾಕಲು ಸಣ್ಣ ಟ್ಯಾಂಕಿನಲ್ಲಿ ಮೊದಲೇ ಬೆಳೆಸಿಕೊಂಡ ಶಿಲೀಂಧ್ರ. 50,000 ಲೀಟರಿಗೆ 5ರಿಂದ 10 ಶೇಕಡಾ ಸೀಡ್ ಎಂದರೆ 2,500ರಿಂದ 5,000 ಲೀಟರ್. ನಿಮ್ಮ ಪೈಲಟ್ ಟ್ಯಾಂಕ್ ಈಗ ಆ ಸೀಡ್ ಟ್ಯಾಂಕಿಗೆ ಸೀಡ್ ಕೊಡುವಷ್ಟು ದೊಡ್ಡದು ಮಾತ್ರ. ಪೈಲಟ್‌ಗೆ ಫ್ಲಾಸ್ಕಿನಿಂದ ನೇರ ಸೀಡ್ ಹೋಗುತ್ತಿತ್ತು ಎಂದುಕೊಳ್ಳುತ್ತೇನೆ. ಈಗ ನಡುವೆ ಇನ್ನೂ ಎರಡು ಹಂತ ಸೇರಿವೆ. ಅಷ್ಟು ಪೀಳಿಗೆಗಳು ಹೆಚ್ಚಾದವು, ಸೀಡ್‌ನ ವಯಸ್ಸು ಬದಲಾಯಿತು, ಅದು ಬೆಳೆಯುವ ರೂಪವೂ ಬದಲಾಗಿರಬಹುದು. ಸ್ಪೋರ್‌ಗಳ (ಬೀಜಕಣಗಳ) ಸಂಖ್ಯೆ, ಅವು ಅಂಟಿಕೊಂಡಿವೆಯೋ ಬಿಡಿಯಾಗಿವೆಯೋ, ಮೊಳೆಯುವಾಗಿನ ಪಿಎಚ್, ಇವುಗಳ ಮೇಲೆ ಶಿಲೀಂಧ್ರ ಉಂಡೆಯಾಗಿ ಬೆಳೆಯುತ್ತದೋ ಎಳೆಯಾಗಿ ಹರಡುತ್ತದೋ ಎನ್ನುವುದು ನಿಂತಿದೆ. ಆಮೇಲೆ ಇಂಪೆಲ್ಲರ್ ಎಷ್ಟು ತಿರುಗಿಸಿದರೂ ಅದನ್ನು ಪೂರ್ತಿ ತಿದ್ದಲಾಗುವುದಿಲ್ಲ. ಪ್ರತಿ ಹಂತದಿಂದ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಫೋಟೋ ಇಟ್ಟುಕೊಳ್ಳಿ. ಸೀಡನ್ನು ಗಡಿಯಾರ ನೋಡಿ ವರ್ಗಾಯಿಸಬೇಡಿ. ಆಮ್ಲಜನಕದ ಬಳಕೆ ಏರುತ್ತಲೇ ಇರುವಾಗ ವರ್ಗಾಯಿಸಿ.

ಮೀಡಿಯಾ ಅದೇ ಅಂದಿರಿ. ಪಾಕವಿಧಾನ ಅದೇ ಇರಬಹುದು, ಮೀಡಿಯಾ ಅದೇ ಅಲ್ಲ. 500 ಲೀಟರನ್ನು 121 ಡಿಗ್ರಿಗೆ ಕಾಯಿಸಿ ಆರಿಸುವುದು ಬೇಗ ಮುಗಿಯುತ್ತದೆ. 50,000 ಲೀಟರಿಗೆ ಗಂಟೆಗಟ್ಟಲೆ ಬೇಕು. ಲ್ಯಾಕ್ಟೋಸ್‌ನಂಥ ಸಕ್ಕರೆಯೂ ಸಾರಜನಕದ ಮೂಲಗಳೂ ಒಟ್ಟಿಗೆ ಅಷ್ಟು ಹೊತ್ತು ಬೆಂದರೆ ಮೈಲಾರ್ಡ್ ಪ್ರತಿಕ್ರಿಯೆ ನಡೆದು ಬಣ್ಣ ಕಂದಾಗುತ್ತದೆ. ಸಕ್ಕರೆ ಸ್ವಲ್ಪ ಕಳೆದುಹೋಗುತ್ತದೆ, ಬೇಡದ ವಸ್ತುಗಳು ಹುಟ್ಟುತ್ತವೆ. ಸಕ್ಕರೆಯನ್ನು ಬೇರೆಯಾಗಿ ಕ್ರಿಮಿನಾಶ ಮಾಡಿ. ನಿರಂತರ ಸ್ಟೆರಿಲೈಸರ್ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ 140 ಡಿಗ್ರಿಗೆ ಒಂದೆರಡು ನಿಮಿಷ ಸಾಕು.

ಕಚ್ಚಾವಸ್ತುವಿನ ದರ್ಜೆಯನ್ನೂ ನೋಡಿ. ಪೈಲಟ್‌ನಲ್ಲಿ ಪ್ರಯೋಗಾಲಯದ ಶುದ್ಧ ಲವಣಗಳು, ಇಲ್ಲಿ ಚೀಲದ ಕೈಗಾರಿಕಾ ಲವಣಗಳು, ಅಲ್ವಾ? ಶಿಲೀಂಧ್ರಗಳು ಇಂಥದ್ದಕ್ಕೆ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಸಿಟ್ರಿಕ್ ಆಮ್ಲವೇ ಸಾಕ್ಷಿ. ಆಸ್ಪರ್ಜಿಲಸ್ ನೈಗರ್‌ನಲ್ಲಿ ಕೆಲವೇ ಪಿಪಿಬಿ (ನೂರು ಕೋಟಿಯಲ್ಲಿ ಒಂದು ಪಾಲು) ಮ್ಯಾಂಗನೀಸ್ ಜಾಸ್ತಿಯಾದರೂ ಬೆಳವಣಿಗೆಯ ರೂಪ ಬದಲಾಗಿ ಆಮ್ಲದ ಇಳುವರಿ ಬೀಳುತ್ತದೆ. ಟ್ರೈಕೊಡರ್ಮಾ ಅಷ್ಟು ನಾಜೂಕಲ್ಲ. ಆದರೂ ಕಾರ್ಖಾನೆಯ ನೀರು ಮತ್ತು ಕಾರ್ಖಾನೆಯ ಚೀಲಗಳಿಂದ ಪೈಲಟ್‌ನಲ್ಲಿ ಒಂದು ಬ್ಯಾಚ್ ಮಾಡಿ ನೋಡಿ. ಅಲ್ಲೂ ಇಳುವರಿ ಬಿದ್ದರೆ ಇಂಪೆಲ್ಲರ್ ಬಗ್ಗೆ ನಾನು ಇಷ್ಟು ಹೊತ್ತು ಹೇಳಿದ್ದು ಸಮಸ್ಯೆಯ ಒಂದು ಪಾಲಿಗೆ ಮಾತ್ರ ಉತ್ತರ.

ಯಾವುದನ್ನು ಮೊದಲು ಮಾಡಬೇಕು ಎಂದರೆ: ನೀರಿನ ಪರೀಕ್ಷೆ ಮತ್ತು ಕಾರ್ಖಾನೆ ಚೀಲಗಳ ಪೈಲಟ್ ಬ್ಯಾಚ್ ಒಂದೇ ವಾರದಲ್ಲಿ ಮುಗಿಸಬಹುದು. ಆಮೇಲೆ ಹೊಸ ಆರ್‌ಪಿಎಂ, ಕಡಿಮೆ ಗಾಳಿ, ತಗ್ಗಿಸಿದ ಫೀಡ್ ಇಟ್ಟು ದೊಡ್ಡ ಟ್ಯಾಂಕಿನಲ್ಲಿ ಒಂದು ಬ್ಯಾಚ್. ಅದರಲ್ಲಿ ಸಿಕ್ಕ ಓಟಿಆರ್ ಮಿತಿಯನ್ನು ಪೈಲಟ್‌ಗೆ ಹೇರಿ. ಅಲ್ಲಿ ಆರ್‌ಪಿಎಂ ಮತ್ತು ಗಾಳಿಯನ್ನು ಬೇಕೆಂದೇ ಕಟ್ಟಿಹಾಕಿ, ಡಿಓ ಕೆಲವು ನಿಮಿಷಗಳಿಗೊಮ್ಮೆ ಏರಿಳಿಯುವಂತೆ ಮಾಡಿ. ಫೀಡ್ ಕೊಡುವ ಬೇರೆ ಬೇರೆ ರೀತಿಗಳನ್ನು ಅಲ್ಲೇ ಹೋಲಿಸಿ. 50,000 ಲೀಟರ್ ಟ್ಯಾಂಕಿನಲ್ಲಿ ಪ್ರಯೋಗ ಮಾಡುತ್ತಾ ಕೂರುವಷ್ಟು ಹಣ ಯಾರ ಬಳಿಯೂ ಇರುವುದಿಲ್ಲ.

ತಳಿಯ ಪ್ರಶ್ನೆ ಇದಾದ ಮೇಲೆ ಎತ್ತಿ. ಆಗಲೂ ಬರೀ ಜಾಸ್ತಿ ಕಿಣ್ವ ಕೊಡುವ ತಳಿ ಹುಡುಕಬೇಡಿ. ಈಗಿನಷ್ಟೇ ಕಿಣ್ವವನ್ನು ತೆಳು ಬ್ರಾತಿನಲ್ಲಿ ಕೊಡುವ, ಜಾಸ್ತಿ ಕವಲೊಡೆದು ಗಿಡ್ಡ ಎಳೆಗಳಾಗಿ ಬೆಳೆಯುವ ತಳಿ ಸಿಕ್ಕಿದರೆ ನಿಮ್ಮ ಟ್ಯಾಂಕಿಗೆ ಅದೇ ಒಳ್ಳೆಯದು. ಒಂದು ಎಚ್ಚರಿಕೆ: ಎಳೆಗಳ ರೂಪ ಬದಲಾದರೆ ಫಿಲ್ಟರ್ ಪ್ರೆಸ್‌ನಲ್ಲಿ ಸೋಸುವ ವೇಗವೂ ಬದಲಾಗುತ್ತದೆ. ಉದ್ದ ಎಳೆಯ ಬ್ರಾತ್ ಟ್ಯಾಂಕಿನಲ್ಲಿ ಕಾಡಿದರೂ ಸೋಸುವಾಗ ಸಡಿಲವಾದ ಕೇಕ್ (ಬಟ್ಟೆಯ ಮೇಲೆ ಉಳಿಯುವ ಗಸಿ) ಕೊಡುತ್ತದೆ. ಗಿಡ್ಡ ಎಳೆ, ಚೂರಾದ ಎಳೆ ಬಟ್ಟೆಯ ರಂಧ್ರ ಮುಚ್ಚುತ್ತವೆ. 86 ಆರ್‌ಪಿಎಂನ ಮೊದಲ ಬ್ಯಾಚ್ ಇಳಿಸುವ ಮೊದಲೇ ಫಿಲ್ಟರ್ ವಿಭಾಗದವರಿಗೆ ಒಂದು ಬಕೆಟ್ ಬ್ರಾತ್ ಕಳಿಸಿ, ಸೋಸಿ ನೋಡಲಿ.